ಹುತ್ತದ ಸುತ್ತಲಿನ ಮರಳು

ಆ ಗಾಜಿನ ತೊಟ್ಟಿ ನಮ್ಮ ಮನೆಗೆ ಬಂದದ್ದು ಆಸ್ಪತ್ರೆಯಿಂದ. ಸಿಕಂದರಾಬಾದಿನ ಒಬ್ಬ ಹೆರಿಗೆ ಡಾಕ್ಟರ ಕ್ಲಿನಿಕ್ಕಿನಲ್ಲಿ, ಕಾಯುವವರ ಕುರ್ಚಿಗಳ ಎದುರಿಗೆ, ಗೋಡೆಗೆ ಹತ್ತಿಸಿ ಅದನ್ನು ಇಟ್ಟಿದ್ದರು. ಮಕ್ಕಳಾಗದವರು, ಬಸಿರಾಗಿಯೂ ಉಳಿಯದವರು ಅಲ್ಲಿ ಗಂಟೆಗಟ್ಟಲೆ ಕೂತು ಉಪ್ಪುನೀರಿನ ಮೀನುಗಳನ್ನು ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡುವುದಕ್ಕಿಂತ ಅದು ಸಲೀಸು. ನನ್ನ ಹೆಂಡತಿ ಮೀನು ನೋಡುತ್ತಿದ್ದಳು, ನಾನು ಹಳೆಯ ಪೇಪರು ಓದುತ್ತಿದ್ದೆ.

ಎರಡನೆಯ ಬಸಿರೂ ನಿಲ್ಲಲಿಲ್ಲವೆಂದು ಗೊತ್ತಾದ ದಿನ ಅಲ್ಲಿ ಸುಣ್ಣಬಣ್ಣ ನಡೆದಿತ್ತು. ತೊಟ್ಟಿ ತೆಗೆದು ಆ ಜಾಗದಲ್ಲಿ ಟೀವಿ ಇಡುತ್ತಾರಂತೆ. ಮೀನು ಸಾಕುವುದೇನೋ ಆಗುತ್ತದೆ, ತಳದ ಮರಳು ಚೊಕ್ಕಟ ಇಡುವುದು ಯಾರ ಕೈಯಲ್ಲೂ ಆಗುತ್ತಿಲ್ಲ, ನಾರುತ್ತದೆ ಎಂದು ಕಾಂಪೌಂಡರು ಮುಖ ಸಿಂಡರಿಸಿದ. ಆಗಷ್ಟೇ ಒಳಗಿನಿಂದ ಬಂದಿದ್ದ ನನ್ನ ಹೆಂಡತಿ, ನಾವು ಒಯ್ಯುತ್ತೇವೆ ಎಂದು ಅವನಿಗೆ ತೆಲುಗಿನಲ್ಲಿ ಹೇಳಿದಳು. ನನ್ನನ್ನು ಕೇಳಲಿಲ್ಲ. ನಾನು ಬೆಪ್ಪಾಗಿ ನೋಡುತ್ತಿದ್ದಾಗ ನನ್ನ ಕಡೆ ತಿರುಗಿ, "ಬರಿಗೈಲೆ ಮನಿಗೆ ಹೋಗೂದು ಬ್ಯಾಡ್ರಿ" ಎಂದಳು. ಆ ಮಾತಿಗೆ ಎದುರು ಹೇಳುವ ಧೈರ್ಯ ಯಾವ ಗಂಡಸಿಗಿದೆ? ಟ್ರಾಲಿ ಆಟೋ ಕರೆದು ತಂದೆ. ನೀರು ಕ್ಯಾನುಗಳಲ್ಲಿ, ಮೀನು ಚೀಲಗಳಲ್ಲಿ, ಮರಳು ಎರಡು ಬಕೆಟ್ಟುಗಳಲ್ಲಿ. ಸಿಕಂದರಾಬಾದಿನಿಂದ ಮಿಯಾಪುರದ ನಮ್ಮ ಫ್ಲ್ಯಾಟಿನವರೆಗೆ ಅವಳು ಒಂದು ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ನಾನು ಆಗ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್. ಔಷಧಿ ಮಾಡುವ ಕೆಮಿಸ್ಟ್ ಅಲ್ಲ, ಅದು ದೊಡ್ಡವರ ಕೆಲಸ. ಕಾರ್ಖಾನೆ ಕಾರಿಕೊಂಡ ಹೊಲಸು ನೀರನ್ನು ಬಾಟಲಿಯಲ್ಲಿ ಹಿಡಿದು, ಈ ನೀರು ಕೊಳೆಯುವಾಗ ಎಷ್ಟು ಆಮ್ಲಜನಕ ಕುಡಿಯುತ್ತದೆ ಎಂದು ಅಳೆಯುವವನು. ನೀರಿಗೆ ಸಕ್ಕರೆ ಬಿದ್ದರೂ ಹಾಲು ಬಿದ್ದರೂ ಅನ್ನದ ಗಂಜಿ ಬಿದ್ದರೂ ಅದು ವಿಷವೇ. ತಿನ್ನಲು ಸಿಕ್ಕಿತೆಂದು ಕಣ್ಣಿಗೆ ಕಾಣದ ಜೀವಗಳು ಮುಕುರುತ್ತವೆ, ನೀರೊಳಗಿನ ಉಸಿರೆಲ್ಲ ಖಾಲಿ ಮಾಡುತ್ತವೆ, ಮೀನು ಬಾಯಿ ಬಿಟ್ಟುಕೊಂಡು ಸಾಯುತ್ತದೆ. ಇದನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಮುಂದಿನ ಕಥೆಗೆ ಈ ಮಾತು ಬೇಕು, ಅದಕ್ಕೇ ಮೊದಲೇ ಹೇಳಿದ್ದೇನೆ. ನನಗೆ ಗೊತ್ತಿರಲಿಲ್ಲ ಎಂದು ಯಾರೂ ನನ್ನನ್ನು ಕ್ಷಮಿಸುವುದು ಬೇಡ.

ತೊಟ್ಟಿಯ ಕೆಲಸಕ್ಕೆ ಮಾತ್ರ ಅವಳು ನನ್ನನ್ನು ಸೇರಿಸಲಿಲ್ಲ. ಅವಳಿಗೆ ಗುರು ಸಿಕ್ಕಿದ್ದು ಸಿಕಂದರಾಬಾದಿನ ಮೀನಿನಂಗಡಿಯ ಒಬ್ಬ ಮುದುಕರು. "ಪಾನಿ ಕೂ ನಕ್ಕೋ ದೇಖೋ ಅಮ್ಮಾ, ರೇತ್ ಕೂ ದೇಖೋ" ಎಂದರಂತೆ. ನೀರನ್ನಲ್ಲ, ಮರಳನ್ನು ನೋಡಬೇಕು. ನೀರು ತಿಳಿಯಾಗಿ ಕಂಡು ಮೋಸ ಮಾಡುತ್ತದೆ, ಮರಳು ಮಾಡುವುದಿಲ್ಲ. ಒಳಗೆ ಹಾಕಿದ್ದೆಲ್ಲ, ತಿಂದು ಬಿಟ್ಟದ್ದೆಲ್ಲ ಕೊನೆಗೆ ಅಲ್ಲಿಗೇ ಇಳಿಯುತ್ತದೆ. ಅವಳು ಶಾಲೆಯಲ್ಲಿ ಗಣಿತ ಕಲಿಸುವವಳು, ಒಮ್ಮೆ ಹಿಡಿದ ಪಾಠ ಬಿಡುವವಳಲ್ಲ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಸೆರಗು ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಅಗಲ ಬಾಯಿಯ ಗಾಜಿನಂಥ ಕೊಳವೆ, ಅದರ ಹಿಂದೆ ರಬ್ಬರ್ ಪೈಪು, ಪೈಪಿನ ತುದಿ ಕೆಳಗಿನ ಬಕೆಟ್ಟಿನಲ್ಲಿ. ಕೊಳವೆಯನ್ನು ಮರಳಿಗೆ ಒತ್ತಿದರೆ ಮರಳು ಅದರೊಳಗೆ ಎದ್ದು ಕುದಿಯುವ ಅಕ್ಕಿಯಂತೆ ಕುಣಿಯುತ್ತಿತ್ತು. ಹಗುರಾದ ಹೊಲಸು ನೀರಿನ ಜೊತೆ ಪೈಪು ಹಿಡಿದು ಹೋಗುತ್ತಿತ್ತು. ಮರಳೇ ಮೇಲೇರತೊಡಗಿದರೆ ಅವಳು ಪೈಪನ್ನು ಬೆರಳಲ್ಲಿ ಹಿಚುಕುತ್ತಿದ್ದಳು, ಅದು ಮತ್ತೆ ಕೆಳಗೆ ಕೂರುತ್ತಿತ್ತು. ಒಂದು ವಾರ ಎಡಗಡೆಯ ಅರ್ಧ, ಇನ್ನೊಂದು ವಾರ ಬಲಗಡೆಯ ಅರ್ಧ. ಪೂರ್ತಿ ಒಮ್ಮೆಲೇ ಮಾಡಬಾರದು, ಮರಳಿನಲ್ಲಿ ಮನೆ ಮಾಡಿಕೊಂಡು ಹೊಲಸನ್ನು ಅರಗಿಸುವ ಸಣ್ಣ ಜೀವಗಳು ಸಾಯುತ್ತವೆ. ನಲ್ಲಿ ನೀರಂತೂ ಹತ್ತಿರ ತರಬಾರದು. ತೆಗೆದ ನೀರಿನಷ್ಟೇ ಉಪ್ಪು ಕಲಸಿದ ನೀರನ್ನು ಹಿಂದಿನ ದಿನವೇ ಕ್ಯಾನಿನಲ್ಲಿ ತಯಾರು ಮಾಡಿ ಇಟ್ಟಿರುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು, ವಾರದ ಆರು ದಿನ ಕಾರ್ಖಾನೆಯ ಹೊಲಸು, ಏಳನೇ ದಿನ ಮನೆಯ ಹೊಲಸು, ನನ್ನ ಹಣೆಬರಹ ಎಂದು ಚಾಷ್ಟಿ ಮಾಡಿದರೆ, "ನಿಮ್ಮ ನೀರಾಗ ಏನೂ ಬದುಕಂಗಿಲ್ಲ. ನನ್ನ ನೀರಾಗ ಬದುಕಬೇಕು" ಎನ್ನುತ್ತಿದ್ದಳು. ಆ ದಿನಗಳಲ್ಲಿ ಅವಳು ನಗುತ್ತಿದ್ದದ್ದು ಹೆಚ್ಚಾಗಿ ಅಲ್ಲಿ ನಿಂತಾಗಲೇ.

ತೊಟ್ಟಿಯಲ್ಲಿ ಎರಡು ಕೇಸರಿ ಪಟ್ಟೆಯ ಮೀನು, ಮರಳನ್ನು ಬಾಯಲ್ಲಿ ತುಂಬಿಕೊಂಡು ಸೋಸಿ ಕಿವಿರಿನಿಂದ ಚೆಲ್ಲುವ ಒಂದು ಬಿಳಿ ಮೀನು, ಒಂದಷ್ಟು ಬಸವನಹುಳುಗಳು ಇದ್ದವು. ಮತ್ತೆ ಒಂದು ಹಾವುಮೀನು. ಬಿಳಿ ಮೈಮೇಲೆ ಕಪ್ಪು ಚುಕ್ಕಿ, ನಡುವೆ ಹಳದಿ. ಕಲ್ಲಿನ ಬುಡದಲ್ಲಿ ಮರಳು ತೋಡಿಕೊಂಡು, ತಲೆಯಷ್ಟನ್ನೇ ಹೊರಗಿಟ್ಟು, ಬಾಯಿ ತೆರೆದು ಮುಚ್ಚುತ್ತ ಇರುತ್ತಿತ್ತು. ಥೇಟ್ ಹುತ್ತದಿಂದ ಇಣುಕುವ ಹಾವು.

ನಮ್ಮ ಮನೆಯಲ್ಲಿ ಮೊಟ್ಟೆಯೂ ಬರುತ್ತಿರಲಿಲ್ಲ. ಹಾವುಮೀನಿಗೆ ಸೀಗಡಿ ಬೇಕು. ಅದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮುಚ್ಚಳದ ಡಬ್ಬಿಯಲ್ಲಿ ಬಂದು ಕೂತಾಗ, ನಮ್ಮ ಜೊತೆಗೇ ಇದ್ದ, ವಿಜಾಪುರದ ಕಡೆಯವಳಾದ ನನ್ನ ಅವ್ವ ತನ್ನ ಹಾಲು ಮೊಸರನ್ನೆಲ್ಲ ಹೊರಗೆ ತೆಗೆದಿಟ್ಟು, ಎರಡು ದಿನ ಸೊಸೆಯ ಹತ್ತಿರ ಮಾತಾಡಲಿಲ್ಲ. ಬೇಸಿಗೆ, ಹಾಲು ಒಡೆಯಿತು. ಮೂರನೇ ದಿನ ತಾನೇ ಒಂದು ದಾರಿ ಹುಡುಕಿದಳು. "ನಾಗಪ್ಪ ಕಪ್ಪೀ ತಿಂತಾನ. ಅವನ್ನ ಯಾರರೆ ಹೊರಗ ಹಾಕ್ಯಾರೇನು?" ಎಂದು ಹಾಲಿನ ಪಾತ್ರೆಯನ್ನು ತಾನೇ ಒಳಗಿಟ್ಟಳು. ನಾವಿಬ್ಬರೂ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕೆವು. ಅವ್ವ ಅದನ್ನು ನಾಗಪ್ಪ ಎಂದು ಕರೆದದ್ದು ಅದೇ ಮೊದಲು. ಅಲ್ಲಿಂದ ಮುಂದೆ ಬೇರೆ ಹೆಸರು ಹಿಡಿಯಲಿಲ್ಲ. ಮುಂಜಾನೆ ವಿಭೂತಿ ಹಚ್ಚಿಕೊಂಡು ಬಂದವಳು ತೊಟ್ಟಿಯ ಮುಂದೆ ಹಾದುಹೋಗುವಾಗ ಒಮ್ಮೆ ಕೈ ಮುಗಿದು ಹೋಗುತ್ತಿದ್ದಳು. ಬೇರೆ ಮೀನುಗಳಿಗೆ ಆ ಮರ್ಯಾದೆ ಇರಲಿಲ್ಲ.

ಮರುವರ್ಷ ಮೂರನೆಯದೂ ಹೋಯಿತು. ಊರಿಗೆ ಹೋದ ಅವ್ವ ಅಲ್ಲಿ ಯಾರಿಗೋ ಜಾತಕ ತೋರಿಸಿಕೊಂಡು ಬಂದಳು. ಸರ್ಪದೋಷ ಎಂದರಂತೆ. ನನಗೆ ಸಿಟ್ಟು ಬಂತು, ಕೂಗಾಡಿದೆ. ಅವ್ವ ಕೂಗಾಡಲಿಲ್ಲ. ಸೊಸೆಯ ಹತ್ತಿರ ಕೂತು ಅವಳ ತಲೆ ನೇವರಿಸಿ, "ನಾ ಏನೂ ಅನ್ನಂಗಿಲ್ಲ ಯವ್ವಾ. ಐತವಾರಕ್ಕೊಮ್ಮಿ ನೀ ಅವನ ಹುತ್ತ ಕೆದರಾಕತ್ತೀಯಲ್ಲ, ಅದೊಂದು ನೋಡಿದ್ರ ನನ್ನ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಕ್ಕೈತಿ. ಉಳಿದದ್ದು ಬೇಕಾದಂಗ ಮಾಡು" ಎಂದಳು. ಹೆಂಡತಿ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಮುದುಕಿಯ ಮಾತು, ಬಿಡಿ ಎನ್ನುವ ಹಾಗೆ. ನಾನೂ ಬಿಟ್ಟೆ.

ಆದರೆ ನನ್ನ ಉದ್ಯೋಗವೇ ಹೊಲಸಿನ ಲೆಕ್ಕ ಹಿಡಿಯುವುದು. ಎರಡು ತಿಂಗಳಾದ ಮೇಲೆ ಒಂದು ಸಂಜೆ ಚಹಾ ಕುಡಿಯುತ್ತ ತೊಟ್ಟಿಯ ಮುಂದೆ ಕೂತಾಗ ಕಂಡಿತು. ಎಡಕ್ಕೂ ಬಲಕ್ಕೂ ಮರಳು ತೊಳೆದ ರವೆಯಂತೆ ಬೆಳ್ಳಗಿದೆ. ಕಲ್ಲಿನ ಬುಡದಲ್ಲಿ, ಹಾವುಮೀನಿನ ಬಿಲದ ಸುತ್ತ, ಒಂದು ಗೇಣಿನಷ್ಟು ಜಾಗ ಮಾತ್ರ ಕಂದಾಗಿದೆ. ಬಗ್ಗಿ ಗಾಜಿನ ಅಂಚಿನಿಂದ ನೋಡಿದೆ. ಮೇಲೆ ಕಂದು ಪದರ, ಕೆಳಗೆ ಬೂದಿ, ಅದರ ಕೆಳಗೆ ಕಪ್ಪು. ಆ ಕಪ್ಪನ್ನು ನಾನು ಬಲ್ಲೆ. ಗಾಳಿ ಆಡದೆ ಕೊಳೆತಲ್ಲಿ ಬರುವ ಬಣ್ಣ ಅದು, ಮುಟ್ಟಿದರೆ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಸೀಗಡಿಯ ಚೂರು ಹೆಚ್ಚು ಬೀಳುವುದೂ ಅಲ್ಲಿಯೇ. ಅವಳು ಪ್ರತಿ ವಾರ ಕೊಳವೆಯನ್ನು ಆ ಜಾಗದ ಅಂಚಿನವರೆಗೆ ತಂದು, ಅಲ್ಲಿಂದ ತಿರುಗಿಸಿಕೊಂಡು ಹೋಗುತ್ತಿದ್ದಳು.

ಅವಳು ನಂಬಲು ಶುರು ಮಾಡಿದ್ದಳು. ನನಗೆ ಹೇಳಿರಲಿಲ್ಲ. ಬಹುಶಃ ತನಗೂ ಹೇಳಿಕೊಂಡಿರಲಿಲ್ಲ. ನಾನು ಕೇಳಬಹುದಿತ್ತು. ಅದು ನಾಗಪ್ಪ ಅಲ್ಲ, ಮೀನು, ಆ ಮರಳು ವಿಷವಾಗುತ್ತಿದೆ ಎನ್ನಬಹುದಿತ್ತು. ನಿನ್ನ ಕೈಯಲ್ಲಿ ಯಾವ ತಪ್ಪೂ ಇಲ್ಲ ಎಂದೂ ಹೇಳಬೇಕಿತ್ತು. ಹೇಳಿದರೆ ಅವಳ ಕೈಯಲ್ಲಿ ಏನು ಉಳಿಯುತ್ತಿತ್ತು? ಡಾಕ್ಟರು ಮೂರು ಸಲವೂ ಕಾರಣ ಗೊತ್ತಾಗಲಿಲ್ಲ ಎಂದೇ ಹೇಳಿದ್ದರು. ಗೊತ್ತಾಗದ ಕಾರಣದ ಜಾಗದಲ್ಲಿ ಅವಳು ಒಂದು ಗೇಣು ಮರಳನ್ನು ಇಟ್ಟುಕೊಂಡಿದ್ದಳು. ಚಹಾ ಕುಡಿದು ಎದ್ದೆ. ಅಲ್ಲಿಂದ ಪ್ರತಿ ಸಂಜೆ ಆ ಕಪ್ಪು ಎಷ್ಟು ಬೆಳೆದಿದೆ ಎಂದು ಕದ್ದು ನೋಡುತ್ತಿದ್ದೆ, ಸುಮ್ಮನಿರುತ್ತಿದ್ದೆ.

ನಾಲ್ಕನೆಯ ಸಲ ಅವಳು ಬಸಿರಾದದ್ದು ಆ ಕಪ್ಪು ಎರಡು ಬೆರಳಿನಷ್ಟು ಏರಿದ್ದಾಗ. ಹುತ್ತ ಕೆದರದೆ ಬಿಟ್ಟದ್ದಕ್ಕೇ ಆಯಿತು ಎಂಬ ಮಾತು ಮೂವರ ತಲೆಯಲ್ಲೂ ಓಡಿರಬೇಕು. ಡಾಕ್ಟರು ವಿಶ್ರಾಂತಿ ಹೇಳಿದರು, ಅವಳು ಶಾಲೆಗೆ ರಜೆ ಹಾಕಿದಳು. ಭಾನುವಾರದ ಮರಳಿನ ಕೆಲಸವೂ ನಿಂತಿತು. ನಾನು ಮಾಡುತ್ತೇನೆಂದರೆ ಅವ್ವ, "ಈಗ ಬ್ಯಾಡ ತಮ್ಮಾ, ಶ್ರಾವಣ ಮುಗೀಲಿ" ಎಂದಳು. ಹೆಂಡತಿಯ ಮುಖ ನೋಡಿದೆ. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ನಮ್ಮ ನಾಗರಪಂಚಮಿ ಮಿಯಾಪುರದ ನಮ್ಮ ನೆರೆಯವರಿಗೆ ಗೊತ್ತೇ ಇರಲಿಲ್ಲ. ಆಂಧ್ರದ ಕಡೆಯ ಅವರು ಹುತ್ತಕ್ಕೆ ಹಾಲು ಎರೆಯುವುದು ದೀಪಾವಳಿ ಕಳೆದ ಮೇಲೆ. ಶ್ರಾವಣದಲ್ಲಿ ನಾವಷ್ಟೇ ಮನೆಯಲ್ಲಿ ಉಂಡಿ ಕಟ್ಟಿಕೊಂಡು, ಅಂದು ಒಲೆಯ ಮೇಲೆ ಹಂಚು ಇಡದೆ, ನಮ್ಮ ಪಾಡಿಗೆ ನಾವು ಹಬ್ಬ ಮಾಡುತ್ತಿದ್ದೆವು. ಪ್ರತಿ ವರ್ಷ ಅವ್ವ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಖಾಲಿ ಜಾಗದಲ್ಲಿದ್ದ ಹುತ್ತಕ್ಕೆ ಹೋಗಿ ಹಾಲೆರೆದು ಬರುತ್ತಿದ್ದಳು. ಆ ವರ್ಷ ಅಲ್ಲಿ ಹೊಸ ಕಟ್ಟಡಕ್ಕೆ ಪಾಯ ತೋಡಿದ್ದರು. ಹುತ್ತವಿದ್ದ ಕಡೆ ಎರಡಾಳು ಆಳದ ಗುಂಡಿ, ಅದರಲ್ಲಿ ಮಳೆನೀರು. ಅವ್ವ ಹಾಲಿನ ಬಟ್ಟಲು ಹಿಡಿದು ಹೋದವಳು ಹಾಗೆಯೇ ತಿರುಗಿ ಬಂದು, ಚಪ್ಪಲಿ ಬಿಟ್ಟು, ನೇರ ತೊಟ್ಟಿಯ ಮುಂದೆ ನಿಂತಳು.

"ಅವ್ವಾ, ಅದಕ್ಕ ಹಾಲು ಹಾಕಬಾರದು" ಎಂದೆ.

"ಒಂದ ಚಮಚ ತಮ್ಮಾ. ಎಲ್ಲಾರ ಪಾಲೂ ಒಂದರಾಗ. ಈ ವರ್ಷ ತಪ್ಪಿಸಂಗಿಲ್ಲ ನಾನು, ಈ ವರ್ಷ ತಪ್ಪಿಸಿದ್ರ ನನ್ನ ಜೀವ ತಡ್ಯಂಗಿಲ್ಲ."

ಅಷ್ಟು ದೊಡ್ಡ ತೊಟ್ಟಿಗೆ ಒಂದು ಚಮಚವೆಂದರೆ ಹೇಗೋ ತಡೆದೀತು ಎಂದು ನನ್ನ ತಲೆ ಅಷ್ಟರಲ್ಲೇ ಲೆಕ್ಕ ಹಾಕಿತ್ತು. ಹೂಂ ಎಂದೆ. ನಮ್ಮ ಕಡೆ ಹಾಲೆರೆಯುವುದೆಂದರೆ ಸುಮ್ಮನೆ ಸುರಿಯುವುದಲ್ಲ. ಒಣಕೊಬ್ಬರಿಯ ಬಟ್ಟಲಿನಲ್ಲಿ ಬೆಲ್ಲದ ಹಾಲು ಎತ್ತಿ, ಒಬ್ಬೊಬ್ಬರ ಹೆಸರು ಹಿಡಿದು ಅವರವರ ಪಾಲು ಎರೆಯಬೇಕು. ಅವ್ವ ನನ್ನ ಮಾತಿಗಾಗಿ ಕೊಬ್ಬರಿ ಬಟ್ಟಲನ್ನು ಹಾಲಿನಲ್ಲೇ ಬಿಟ್ಟು, ಚಮಚದಿಂದ ಹನಿಹನಿಯಾಗಿ ಬಿಡುತ್ತ, "ದೇವರ ಪಾಲು, ಗುರುವಿನ ಪಾಲು, ಹಿರಿಯಾರ ಪಾಲು" ಎನ್ನತೊಡಗಿದಳು. ಹಾವುಮೀನು ತಲೆ ಹೊರಗಿಟ್ಟು ನೋಡುತ್ತಿತ್ತು.

ಅಷ್ಟರಲ್ಲಿ ಹೆಂಡತಿ ಸ್ನಾನ ಮುಗಿಸಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಅವಳ ಮುಖದಲ್ಲಿ ಆ ವಾರ ಸ್ವಲ್ಪ ಗೆಲುವಿತ್ತು. ನಾಲ್ಕೈದು ದಿನದಿಂದ ವಾಕರಿಕೆ ನಿಂತಿತ್ತು, ಮೈ ಹಗುರ ಅನಿಸುತ್ತದೆ ಎನ್ನುತ್ತಿದ್ದಳು. ಅವ್ವನೂ ಇದು ಒಳ್ಳೆಯ ಲಕ್ಷಣ ಎಂದಿದ್ದಳು. ಅವಳು ತೊಟ್ಟಿಯ ಮುಂದೆ ನಿಂತ ಅವ್ವನನ್ನು ನೋಡಿದಳು, ಚಮಚ ನೋಡಿದಳು. ಈಗ ಚೀರುತ್ತಾಳೆ ಎಂದುಕೊಂಡೆ. ನಲ್ಲಿಯ ನೀರು ಒಂದು ಹನಿ ಬಿದ್ದರೆ ಮನೆ ತಲೆಕೆಳಗು ಮಾಡುತ್ತಿದ್ದವಳು.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹತ್ತಿರ ಬಂದಳು. "ಅತ್ತಿ, ಕೂಸಿನ ಪಾಲು ನಾ ಎರೀತೀನ್ರಿ" ಎಂದು ಅವ್ವನ ಕೈಯಿಂದ ಹಾಲಿನ ಬಟ್ಟಲು ತೆಗೆದುಕೊಂಡಳು. ಕೊಬ್ಬರಿ ಬಟ್ಟಲನ್ನು ಅದರಲ್ಲಿ ಅದ್ದಿ ತುಂಬಿಸಿ ತೊಟ್ಟಿಗೆ ಎರೆದಳು. "ಮೊದಲನೇ ಕೂಸಿನ ಪಾಲು" ಎಂದಳು. ಮತ್ತೆ ಅದ್ದಿದಳು. ಎರಡನೇ ಕೂಸಿನ ಪಾಲು. ಮೂರನೇ ಕೂಸಿನ ಪಾಲು. ಹಾಲು ನೀರಿನಲ್ಲಿ ಹೊಗೆಯಂತೆ ಇಳಿದು ಮರಳಿನ ಮೇಲೆ ಹರಡುತ್ತಿತ್ತು. ನಾಲ್ಕನೆಯ ಸಲ ಬಟ್ಟಲು ತುಂಬ ತುಂಬಿಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, "ಬರೂ ಕೂಸಿನ ಪಾಲು" ಎಂದು ಬಗ್ಗಿ, ಬಿಲದ ನೇರಕ್ಕೆ ನಿಧಾನವಾಗಿ ಬಿಟ್ಟಳು.

ನಾನು ಎರಡು ಹೆಜ್ಜೆ ದೂರದಲ್ಲಿದ್ದೆ. ಕೈ ಚಾಚಿದ್ದರೆ ಅವಳ ಮೊಣಕೈ ಸಿಗುತ್ತಿತ್ತು. ಎರಡನೆಯ ಬಟ್ಟಲಿಗೇ ಲೆಕ್ಕ ಮುಗಿದಿತ್ತು, ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆದರೂ ಆ ಕ್ಷಣ ನನಗೆ ಬೇಕಾದದ್ದು ಮೀನಲ್ಲ. ಇದು ಫಲಿಸಲಿ, ನನ್ನ ಓದು ಸುಳ್ಳಾಗಲಿ ಎಂದು ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲಾದರೂ ನೀರು ಬದಲಿಸಬಹುದಿತ್ತು, ಎರಡು ಕ್ಯಾನು ಉಪ್ಪುನೀರು ಮನೆಯಲ್ಲಿತ್ತು. ಎರೆದ ಪಾಲನ್ನು ಅವರಿಬ್ಬರ ಕಣ್ಣೆದುರಿಗೆ ಪೈಪಿನಲ್ಲಿ ಎಳೆದು ಬಚ್ಚಲಿಗೆ ಬಿಡುವುದು ನನ್ನಿಂದಾಗಲಿಲ್ಲ. ಉಂಡಿ ತಿಂದು ಡ್ಯೂಟಿಗೆ ಹೋದೆ.

ಸಂಜೆ ಬರುವಷ್ಟರಲ್ಲಿ ನೀರು ತಿಳಿಗಂಜಿಯಂತಾಗಿತ್ತು. ಆಗ ಕ್ಯಾನುಗಳನ್ನು ಸುರಿದೆ, ಗಾಳಿಯ ಪಂಪು ಇನ್ನೊಂದು ತಂದು ಹಾಕಿದೆ. ಕಾಲ ಮಿಂಚಿತ್ತು. ಬೆಳಿಗ್ಗೆ ಬಸವನಹುಳುಗಳು ಗಾಜಿನ ಮೇಲಂಚಿಗೆ ಹತ್ತಿ ಅಂಟಿಕೊಂಡಿದ್ದವು. ಮೀನುಗಳು ತೇಲುತ್ತಿದ್ದವು. ಹಾವುಮೀನು ಬಿಲ ಬಿಟ್ಟು ಹೊರಬಂದು, ಮರಳಿನ ಮೇಲೆ ಉದ್ದಕ್ಕೆ ಮಲಗಿತ್ತು. ಅದು ಪೂರ್ತಿ ಎಷ್ಟು ಉದ್ದವಿದೆ ಎಂದು ನಾವು ನೋಡಿದ್ದು ಅವತ್ತೇ.

ಅವ್ವ ಅದನ್ನು ನೋಡಿ ಅಲ್ಲೇ ಕುಸಿದು ಕೂತಳು. "ನನ್ನ ಕೈಯಾರೆ ನಾಗಪ್ಪನ ಕೊಂದೆ" ಎಂದು ಎದೆ ಬಡಿದುಕೊಂಡಳು. ಸತ್ತ ಹಾವನ್ನು ಸುಮ್ಮನೆ ಬಿಸಾಡಬಾರದೆಂದು ಬಿಳಿ ಬಟ್ಟೆಯಲ್ಲಿ ಸುತ್ತಿಸಿದಳು. ನಾನು ಹಿಂದಿನ ಆ ಗುಂಡಿಯ ದಂಡೆಯಲ್ಲಿ ಹೂತು ಬಂದೆ. ಮನೆಗೆ ಬಂದರೆ ಕೊಳೆತ ಮೊಟ್ಟೆಯ ನಾತ ಮೂರೂ ಕೋಣೆಗೆ ಹರಡಿತ್ತು. ಹೆಂಡತಿ ತೊಟ್ಟಿಯೊಳಗೆ ಬರಿಗೈ ಹಾಕಿ, ಬಿಲದ ಸುತ್ತಲಿನ ಆ ಕಪ್ಪು ಮರಳನ್ನು ಬೊಗಸೆಬೊಗಸೆಯಾಗಿ ಎತ್ತಿ ಬಕೆಟ್ಟಿಗೆ ಹಾಕುತ್ತಿದ್ದಳು. ಬೇಡ, ಬಗ್ಗಬೇಡ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಆ ದಿನದಿಂದ ಅವ್ವ ಹೊತ್ತಿಗೆ ಸರಿಯಾಗಿ ಊಟ ಮಾಡಲಿಲ್ಲ. ಸೊಸೆಯ ಹೊಟ್ಟೆಯ ಕಡೆ ನೋಡುವುದನ್ನೇ ಬಿಟ್ಟಳು. ನೋಡಿದರೆ ಏನೋ ಆಗಿಬಿಡುತ್ತದೆ ಎನ್ನುವ ಹಾಗೆ ಗೋಡೆ ನೋಡಿಕೊಂಡು ಮಾತಾಡುತ್ತಿದ್ದಳು.

ಪಂಚಮಿಯಾದ ಒಂಬತ್ತನೆಯ ದಿನ ಸ್ಕ್ಯಾನಿಂಗಿಗೆ ಹೋದೆವು. ಡಾಕ್ಟರು ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ನೋಡಿದರು. ಆ ತಿರುಗಿಸುವುದರ ಅರ್ಥ ನಮಗೆ ಹಳೆಯದು. ಬೆಳವಣಿಗೆ ನೋಡಿದರೆ ಎರಡು ವಾರದ ಹಿಂದೆಯೇ ಎದೆಬಡಿತ ನಿಂತಿರಬೇಕು, ಅದಕ್ಕೇ ವಾಕರಿಕೆಯೂ ನಿಂತಿರುತ್ತದೆ ಎಂದು ಮೆಲ್ಲಗೆ ಹೇಳಿದರು. ಕಾರಣ ಈ ಸಲವೂ ಗೊತ್ತಿರಲಿಲ್ಲ.

ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಕೂತಿದ್ದಳು. ಬಹಳ ದೂರ ಬಂದ ಮೇಲೆ, "ಎರಡು ವಾರ ಅಂದ್ರ ಪಂಚಮಿಗಿಂತ ಮೊದಲ ಆತಲ್ರಿ" ಎಂದಳು.

"ಹೌದು" ಎಂದೆ.

"ಅತ್ತಿಯಾರಿಗೆ ಇದನ್ನ ಹೇಳ್ರಿ. ಹಾಲಿನಿಂದ ಆಗಿಲ್ಲ ಅಂತ ಹೇಳ್ರಿ. ಪಾಪ, ಭಾಳ ಕೊರಗಾಕತ್ತ್ಯಾರ."

ನಾನು ಹೇಳುವ ಪ್ರಸಂಗ ಬರಲಿಲ್ಲ. ಮನೆಗೆ ಹೋದ ಕೂಡಲೇ ಅವಳೇ ಅವ್ವನ ಎದುರಿಗೆ ನೆಲದ ಮೇಲೆ ಕೂತು, ಅವ್ವನ ಎರಡೂ ಕೈ ಹಿಡಿದುಕೊಂಡು ಹೇಳಿದಳು. ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವ ಹಾಗೆ ದಿನಗಳನ್ನು ಬೆರಳ ಮೇಲೆ ಎಣಿಸಿ ತೋರಿಸಿದಳು. ನಾವು ಹಾಲೆರೆಯುವ ಮೊದಲೇ ಅದು ಹೋಗಿತ್ತು, ನಿಮ್ಮದೇನೂ ತಪ್ಪಿಲ್ಲ, ಯಾರದೂ ತಪ್ಪಿಲ್ಲ ಎಂದಳು. ಅವ್ವ ಆ ಬೆರಳುಗಳನ್ನೇ ನೋಡುತ್ತ ಎಲ್ಲ ಕೇಳಿಸಿಕೊಂಡಳು. ಅವಳ ಮುಖ ಸಡಿಲವಾದೀತು ಎಂದು ಕಾದೆ. ಆಗಲಿಲ್ಲ.

"ಹಂಗಾದ್ರ" ಎಂದಳು ಅವ್ವ, "ಬರೂ ಕೂಸಿನ ಪಾಲು ಅಂತ ಎರದಿಯಲ್ಲ ಯವ್ವಾ, ಅದು ಯಾರಿಗೆ ಹೋತು? ಇನ್ನ ಮುಂದ ಬರೂ ಕೂಸಿಗೇನು?"

ಹೆಂಡತಿ ಅವ್ವನ ಕೈಗಳನ್ನು ಬಿಟ್ಟು ಎದ್ದು ಒಳಗೆ ಹೋದಳು. ನಾವು ಮತ್ತೆ ಆ ಡಾಕ್ಟರ ಹತ್ತಿರ ಹೋಗಲಿಲ್ಲ, ಬೇರೆ ಯಾರ ಹತ್ತಿರವೂ ಹೋಗಲಿಲ್ಲ.